ಒಂದೇ ಹಲಗೆಯ ಪಟ್ಟಿಗಳು

"ಓರೆ ಮಾಡ್ರಪ್ಪಾ, ಓರೆ ಮಾಡಿ ಒಳಗೆ ತಗೊಳ್ಳಿ," ಎಂದು ಸಾಮಿಲ್ ಮಾಮ ಬೀದಿಯಲ್ಲಿ ನಿಂತೇ ಹೇಳುತ್ತಿದ್ದರು. ಅವರ ಇಬ್ಬರು ಆಳುಗಳು ಹೊತ್ತು ತಂದಿದ್ದ ಶವದ ಪೆಟ್ಟಿಗೆಯ ಮೂಲೆ ಬಾಗಿಲ ಚೌಕಟ್ಟಿಗೆ ಸಿಕ್ಕಿಕೊಂಡಿತ್ತು. ಒಬ್ಬ ಒಳಗೆ, ಇನ್ನೊಬ್ಬ ಮೆಟ್ಟಿಲ ಮೇಲೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅಷ್ಟರಲ್ಲಿ ಒಳಗಿನಿಂದ ಸತ್ತವರ ಮಗಳು ಬಂದು ಅಡ್ಡ ನಿಂತಳು.

"ಬೇಡ ಮಾಮ. ವಾಪಸ್ ತಗೊಂಡು ಹೋಗಿ."

"ಬೇಡ ಅಂದ್ರೆ? ಅಳತೆ ನೋಡೇ ಮಾಡಿದೀನಮ್ಮ."

"ಅಂಗಡಿಗೆ ಹೇಳಿದೀನಿ. ಗಾಡಿ ಜೊತೆಗೇ ಪೆಟ್ಟಿಗೆ ಬರುತ್ತೆ."

"ಅಂಗಡಿ ಪೆಟ್ಟಿಗೇನಾ? ಅದು ಮರದ ಪುಡಿ ಒತ್ತಿ ಮಾಡಿದ್ದು ತಾಯಿ. ಮೇಲೆ ಮರದ ಚಿತ್ರ ಅಂಟಿಸಿರ್ತಾರೆ. ನಿಮ್ಮಪ್ಪ ಅಂಥದ್ದನ್ನ ಕೈಯಲ್ಲೂ ಮುಟ್ತಿರಲಿಲ್ಲ."

"ನಮ್ಮಪ್ಪನಿಗೆ ಮರ ತೋರಿಸಿ ತೋರಿಸೇ ನೀವು ಕೊಂದಿದ್ದು," ಎಂದಳು ಮಗಳು. ಜೋರಾಗೇನೂ ಹೇಳಲಿಲ್ಲ. ತಾನು ಕೆಲಸ ಮಾಡುವ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ಯಾವ ಮಾತ್ರೆ ಊಟಕ್ಕೆ ಮುಂಚೆ, ಯಾವುದು ಆಮೇಲೆ ಎಂದು ಹೇಳುವ ದನಿಯಲ್ಲೇ ಹೇಳಿದಳು.

ಒಳಗೆ ಕುರ್ಚಿಗಳಲ್ಲಿ ಕುಳಿತಿದ್ದವರು ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಸಾಮಿಲ್ ಮಾಮ ಆಳುಗಳಿಗೆ ಕೈಸನ್ನೆ ಮಾಡಿದರು. ಪೆಟ್ಟಿಗೆ ಹಿಂದೆ ಸರಿಯಿತು. ಎದುರಿನ ಫುಟ್‌ಪಾತಿನ ಮೇಲೆ ಅದನ್ನು ಇಳಿಸಿ, ಆಳುಗಳನ್ನು ಕಳಿಸಿ, ಅವರು ಅದರ ಪಕ್ಕದಲ್ಲೇ ಕಟ್ಟೆಯ ಮೇಲೆ ಕುಳಿತರು. ಹೋಗೆಂದ ಕೂಡಲೇ ಹೋಗುವ ಆಸಾಮಿಯಲ್ಲ ಅವರು.

ಸತ್ತವರು ನೀರಿನ ಮೀಟರ್ ನೋಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಬೀದಿಗೆಲ್ಲ ಮೀಟರಿನವರು ಎಂದೇ ಪರಿಚಯ. ಕಳೆದ ವಾರ ಈ ಮಾಮನ ಮರ ಕೊಯ್ಯುವ ಸಾಮಿಲ್ಲಿನಲ್ಲಿ ಒಟ್ಟಿದ್ದ ಹಲಗೆಗಳ ರಾಶಿ ಹತ್ತಿ, ಅಲ್ಲಿಂದ ಬಿದ್ದು, ತಲೆಗೆ ಏಟಾಗಿ ಆಸ್ಪತ್ರೆ ಸೇರಿದ್ದರು. ಮತ್ತೆ ಕಣ್ಣು ಬಿಡಲಿಲ್ಲ. ನಿನ್ನೆ ಹೋದರು. ಈಗ ನಡುಮನೆಯ ಮಂಚದ ಮೇಲೆ, ಬ್ಯಾಂಡೇಜ್ ಕಾಣದಂತೆ ಉಣ್ಣೆಯ ಟೋಪಿ ಹಾಕಿಸಿಕೊಂಡು ಮಲಗಿದ್ದರು. ಪಕ್ಕದ ಕುರ್ಚಿಯಲ್ಲಿ ಅವರ ಹೆಂಡತಿ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. 'ನೀವು ಕೊಂದಿದ್ದು' ಎಂದು ಮಗಳು ಬಾಗಿಲಲ್ಲಿ ಅಂದಾಗ ಒಳಗೆ ಕುಳಿತಿದ್ದ ತಾಯಿಯ ಕೈ ತಾನಾಗಿ ಎದೆಗೆ ಹೋಯಿತು. ಯಾರೂ ಗಮನಿಸಲಿಲ್ಲ. ಗಮನಿಸಿದವರೂ ದುಃಖ ಎಂದುಕೊಂಡರು.

*

ಬೇರೆಯವರು ಅಂಗಡಿಗೆ ಹೋಗಿ ಮರ ತರುತ್ತಾರೆ. ಮೀಟರಿನವರು ಮನೆಮನೆಯಿಂದ ತರುತ್ತಿದ್ದರು. ನೀರಿನ ಮೀಟರ್ ಇರುವುದಾದರೂ ಎಲ್ಲಿ? ಹಿತ್ತಿಲಲ್ಲಿ, ಮೆಟ್ಟಿಲ ಕೆಳಗೆ, ಗ್ಯಾರೇಜಿನ ಮೂಲೆಯಲ್ಲಿ. ಜನ ಮುರುಕು ಸಾಮಾನು ತಂದು ಹಾಕುವುದೂ ಅಲ್ಲೇ. ಕೈ ಮೀಟರಿನ ಅಂಕಿ ಬರೆದುಕೊಳ್ಳುತ್ತಿದ್ದರೆ ಕಣ್ಣು ಕಾಲು ಮುರಿದ ಕುರ್ಚಿಯ ಬೆನ್ನಿನ ಮೇಲೆ, ಬಾಗಿಲು ಕಳಚಿದ ಬೀರುವಿನ ಮೇಲೆ ಓಡಾಡುತ್ತಿತ್ತು. "ಅಮ್ಮಾ, ಇದು ನಿಮಗೆ ಬೇಕಾ?" ಎಂದು ಕೇಳುವರು. "ಅಯ್ಯೋ, ತಗೊಂಡು ಹೋಗಿ, ಜಾಗ ಆಗುತ್ತೆ," ಎಂದು ಮನೆಯವರು ಎತ್ತಿ ಕೊಡುವರು. ಹೀಗೆ ಊರಿನ ಅರ್ಧ ಅಟ್ಟ ಅವರ ಹಿಂದಿನ ಕೋಣೆಗೆ ಬಂದು ಸೇರಿತ್ತು.

ಆ ಮರದಲ್ಲಿ ಅವರು ಕಪಾಟಿನಲ್ಲಿಡುವಂಥ ಪುಟ್ಟ ಪುಟ್ಟ ಹಡಗು ಕಟ್ಟುತ್ತಿದ್ದರು. ತಂದದ್ದೆಲ್ಲ ಹಡಗಾಗುತ್ತಿರಲಿಲ್ಲ. ತೇಗವೆಂದರೆ ಅವರಿಗೆ ಆಗದು. "ಮನೆಗೆ ಚೆನ್ನ, ನನಗೆ ಬೇಡ. ಅದರ ನಾರು ದಪ್ಪ. ಮೊಳದುದ್ದದ ಹಡಗಿಗೆ ಆ ನಾರು ಹಾಕೋದು ಮಗೂಗೆ ಅಪ್ಪನ ಕೋಟು ಹಾಕಿದ ಹಾಗೆ," ಎನ್ನುತ್ತಿದ್ದರು. ಸಣ್ಣ ನಾರಿರಬೇಕು, ಗೆರೆ ನೇರ ಇರಬೇಕು, ಗಂಟಿರಬಾರದು. ಅಂಥ ಹಲಗೆ ಸಿಕ್ಕಿತೋ, ಹೆಗಲ ಮೇಲೆ ಹೊತ್ತು ಸಾಮಿಲ್ಲಿಗೆ ಓಡುವರು. ಸಾಮಿಲ್ ಮಾಮ ಅದನ್ನು ರಟ್ಟಿನಷ್ಟು ತೆಳ್ಳಗೆ ಸೀಳಿ ಕೊಡುವರು. ಮನೆಯಲ್ಲಿ ಅದು ಪಟ್ಟಿಪಟ್ಟಿಯಾಗುವುದು. ಆಮೇಲೆ ಪರೀಕ್ಷೆ. ಒಂದು ಕಣ್ಣು ಮುಚ್ಚಿ ಪಟ್ಟಿಯ ಉದ್ದಕ್ಕೂ ನೋಡಬೇಕು, ಸೊಟ್ಟ ಇದೆಯೇ ಎಂದು. ಒದ್ದೆ ಹೆಬ್ಬೆರಳು ಎಳೆದು ಬಣ್ಣ ನೋಡಬೇಕು. ಎರಡು ತುದಿ ಹಿಡಿದು ಮೆಲ್ಲಗೆ ಬಾಗಿಸಿ ಕಿವಿಗೆ ಹಿಡಿಯಬೇಕು. ಚಿಟ್ ಎಂದರೆ ಕಸಕ್ಕೆ.

"ನನ್ನ ಮದುವೆ ಆಗೋವಾಗ ಇಷ್ಟು ಪರೀಕ್ಷೆ ಮಾಡಿದ್ರಾ?" ಎಂದು ಹೆಂಡತಿ ಕೇಳಿದ್ದಳು.

"ಮಾಡಿದ್ರೆ ನೀನು ಪಾಸಾಗ್ತಿರಲಿಲ್ಲ. ಬರೀ ಗಂಟು."

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದಿತ್ತು. ಒಂದು ಹಡಗಿನ ಮೈ ಪೂರ್ತಿ ಒಂದೇ ಹಲಗೆಯಿಂದ ಬರಬೇಕು. ಒಂದೇ ಜಾತಿಯ ಮರವಾದರೂ ಎರಡು ಹಲಗೆಯ ಬಣ್ಣ ಒಂದಾಗುವುದಿಲ್ಲ. ಇವತ್ತು ಒಂದೇ ಥರ ಕಂಡೀತು, ವಾರ್ನಿಶ್ ಬಿದ್ದ ಮೇಲೆ ಗುಟ್ಟು ರಟ್ಟಾಗುತ್ತದೆ. ಹಾಗಾಗಿ ಹಲಗೆ ಮುಗಿಯುವ ಮೊದಲು ಹಡಗು ಮುಗಿಯಬೇಕು. ಒಳ್ಳೆಯ ಪಟ್ಟಿ ಎಷ್ಟಿವೆ ಎಂದು ಅವರು ಆಗಾಗ ಎಣಿಸಿ, ದಾರ ಕಟ್ಟಿ, ಕಪಾಟಿನ ಮೇಲೆ ಇಡುತ್ತಿದ್ದರು.

ಕೊನೆಯ ಹಡಗಿಗೆ ಸಿಕ್ಕಿದ್ದು ಮುಚ್ಚಿಹೋದ ಒಂದು ಲಾಡ್ಜಿನ ಕೌಂಟರು. ಅಕ್ರೋಟ್ ಮರದ ಹಳೆಯ ಹಲಗೆ. ಜನರ ಮೊಳಕೈ ಉಜ್ಜಿ ಉಜ್ಜಿ ಹೊಳಪು ಬಂದಿತ್ತು. ಅದರ ಹಿಂದಿನ ವರ್ಷವಷ್ಟೇ ಅವರ ಹೃದಯ ಒಮ್ಮೆ ಕೈಕೊಟ್ಟಿತ್ತು. ಹಡಗಿನ ಪಕ್ಕೆಲುಬುಗಳು ಎದ್ದು ನಿಂತು, ಮೊದಲ ಪಟ್ಟಿ ಅಂಟಿದ ದಿನ ಹೆಂಡತಿ ಚಹಾ ತಂದಳು. ಅವರು ಕನ್ನಡಕ ಹಣೆಗೇರಿಸಿ, "ಇದು ಮುಗೀತು ಅಂದ್ರೆ ನಂದೂ ಮುಗೀತು ಕಣೇ," ಎಂದರು.

ಅವರು ಹೇಳಿದ್ದು ಕಣ್ಣಿನ ಮಾತು, ನಡುಗುವ ಬೆರಳಿನ ಮಾತು. ಇನ್ನೊಂದು ಹಡಗು ಕಟ್ಟಲಾರೆ ಎಂದಷ್ಟೇ. ಅವಳು ಕೇಳಿಸಿಕೊಂಡದ್ದು ಬೇರೆ. ಅವಳ ತಾಯಿ ಕಾಯಿಲೆಯಲ್ಲಿ ಮಲಗಿದ್ದಾಗ ಒಂದು ಸ್ವೆಟರು ಹೆಣೆಯುತ್ತಿದ್ದಳು. ಕೊನೆಯ ತೋಳಿನ ಕೊನೆಯ ಗಂಟು ಹಾಕಿದ ಮಾರನೇ ದಿನವೇ ತೀರಿಕೊಂಡಿದ್ದಳು. ಸ್ವೆಟರು ಇನ್ನಷ್ಟು ದೊಡ್ಡದಿದ್ದರೆ ಅಮ್ಮ ಇನ್ನಷ್ಟು ದಿನ ಇರುತ್ತಿದ್ದಳು ಎಂಬ ಲೆಕ್ಕ ಅವಳ ತಲೆಯಲ್ಲಿ ಎಂದೋ ಕೂತಿತ್ತು. ನಗುವವರು ನಗಬಹುದು. ಪಕ್ಕದಲ್ಲಿ ಮಲಗಿದವರ ಉಸಿರಾಟವನ್ನು ಎದ್ದು ಕೂತು ಕೇಳಿದವರು ನಗುವುದಿಲ್ಲ.

ಆ ವಾರವೇ, ಅವರು ಸ್ನಾನಕ್ಕೆ ಹೋದಾಗ, ಆರಿಸಿ ಕಟ್ಟಿಟ್ಟಿದ್ದ ಕಟ್ಟಿನಿಂದ ಒಂದಿಷ್ಟು ಪಟ್ಟಿ ಎಳೆದುಕೊಂಡಳು. ಗಂಡನ ಆಯುಸ್ಸು ಬೆಳೆಸುತ್ತಿದ್ದೇನೆ ಎಂದುಕೊಂಡವಳಿಗೆ ಅದು ಕಳ್ಳತನ ಎಂದು ಹೇಗೆ ತೋರಬೇಕು?

*

ಬೆಳಗು ಏರುತ್ತಿದ್ದಂತೆ ಜನ ಬಂದರು. ಬಂದವರಲ್ಲಿ ಹೆಚ್ಚಿನವರು ಅವರು ಮೀಟರ್ ನೋಡುತ್ತಿದ್ದ ಮನೆಗಳವರು. ಹೆಣ ನೋಡಿ, ಹೆಂಡತಿಯ ಕೈ ಹಿಡಿದು, ಆಮೇಲೆ ಕತ್ತೆತ್ತಿ ಗೋಡೆಯ ಕಪಾಟಿನಲ್ಲಿ ಸಾಲಾಗಿ ನಿಂತ ಹಡಗುಗಳಲ್ಲಿ ತಮ್ಮದು ಯಾವುದೆಂದು ಹುಡುಕುತ್ತಿದ್ದರು.

"ಆ ಕಪ್ಪು ಅಂಚಿಂದು ನಮ್ಮ ಪಿಯಾನೋ," ಎಂದರು ಪಿಯಾನೋ ಟೀಚರ್. "ಮುಚ್ಚಳ ಮುರಿದಿತ್ತು. ಸಂಗೀತ ಅಂತೂ ಬರಲಿಲ್ಲ ನಿಮ್ಮ ಪಿಯಾನೋಗೆ, ಈಜಾದರೂ ಕಲೀಲಿ ಅಂದ್ರು."

ಡ್ರಾಯಿಂಗ್ ಮಾಸ್ತರು ಮೂಗು ಒರೆಸಿಕೊಂಡು ನಕ್ಕರು. "ನನ್ನ ಬೋರ್ಡಿನ ಉದ್ದ ಸ್ಕೇಲು ಅಲ್ಲಿದೆ ನೋಡಿ, ಮೂರನೇ ಹಡಗಲ್ಲಿ. ಅದು ಮುರಿದೇ ಇರಲಿಲ್ಲ. ಇದು ಮುರಿಯೋದು ಯಾವಾಗ ಮಾಸ್ತರೇ ಅಂತ ಬಂದಾಗಲೆಲ್ಲ ಕೇಳಿ ಕೇಳಿ, ಕಾಟ ತಡೀಲಾರದೆ ನಾನೇ ಕೊಟ್ಟೆ."

ಸಾವಿನ ಮನೆಯಲ್ಲಿ ನಗು ಬಂದರೆ ಅದರ ಹಿಂದೆಯೇ ನಾಚಿಕೆಯೂ ಬರುತ್ತದೆ. ಮಾಸ್ತರು ದನಿ ಇಳಿಸಿದರು. "ಪಾಪ, ಕೊನೆಕೊನೆಗೆ ಲೆಕ್ಕ ತಪ್ಪೋಕೆ ಶುರುವಾಗಿತ್ತಂತೆ?"

"ಹೌದಂತೆ. ತಾವೇ ಇಟ್ಟಿದ್ದು ಎಲ್ಲಿ ಅಂತ ಗೊತ್ತಾಗ್ತಿರಲಿಲ್ಲವಂತೆ," ಎಂದರು ಟೀಚರ್. "ಎಂಥಾ ಬುದ್ಧಿ ಇದ್ದ ಮನುಷ್ಯ."

ಮಗಳು ಅವರಿಬ್ಬರಿಗೂ ನೀರು ತಂದು ಕೊಡುತ್ತಿದ್ದವಳು ಅಲ್ಲೇ ನಿಂತಳು. "ನಾನೇ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ದೆ. ಅವರು ಇನ್ನೂ ಸ್ವಲ್ಪ ದಿನ ನೋಡೋಣ ಅಂದ್ರು. ನಾನೇ ಬಿಡಲಿಲ್ಲ, ಈಗಲೇ ಮಾತ್ರೆ ಶುರು ಮಾಡಿ ಅಂತ ಕೂತೆ. ಹೊಸದರಲ್ಲಿ ತಲೆ ತಿರುಗುತ್ತೆ ಅಂತ ಗೊತ್ತಿತ್ತು. ಅದಕ್ಕೇ ಆ ಮನುಷ್ಯನಿಗೂ ಫೋನ್ ಮಾಡಿ ಹೇಳಿದ್ದೆ. ಮಾಮ, ಅಪ್ಪ ಬಂದ್ರೆ ಕೂರಿಸಿ ಮಾತಾಡಿ ಕಳಿಸಿ, ಎಲ್ಲೂ ಹತ್ತೋಕೆ ಬಿಡಬೇಡಿ ಅಂತ. ಹೂಂ ಹೂಂ ಅಂದ್ರು."

"ಮತ್ತೆ ಬಿಟ್ರಾ?"

"ಚಹಾ ತರೋಕೆ ಹೋಗಿದ್ರಂತೆ," ಎಂದಳು ಮಗಳು. ಎದುರಿನ ಕಿಟಕಿಯಲ್ಲಿ ಫುಟ್‌ಪಾತಿನ ಮೇಲೆ ಕುಳಿತವರ ಬೆನ್ನು ಕಾಣುತ್ತಿತ್ತು. ಅವಳು ಹೋಗಿ ಪರದೆ ಎಳೆದಳು.

ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. ಮನೆಯೊಳಗಿದ್ದವರ ಪೈಕಿ ನಿಜ ಗೊತ್ತಿದ್ದವಳು ಅವಳೊಬ್ಬಳೇ. ಗಂಡನಿಗೆ ಮರೆವು ಇರಲಿಲ್ಲ. ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ. ಬುದ್ಧಿಗೆಟ್ಟವರು ಎಂಬ ಹೆಸರು ಹೊತ್ತು ಅವರು ಮಣ್ಣಿಗೆ ಹೋಗುತ್ತಿದ್ದರು, ಜೀವದ ಗೆಳೆಯ ಕೊಲೆಗಾರನಂತೆ ಬೀದಿಯಲ್ಲಿ ಕುಳಿತಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವಳು ಬಾಯಿ ಬಿಟ್ಟರೆ ಎರಡೂ ಸರಿಹೋಗುತ್ತಿತ್ತು. ಆದರೆ ಬಿಟ್ಟ ಕ್ಷಣವೇ ಮಗಳಿಗೆ ಇನ್ನೊಂದು ಗೊತ್ತಾಗುತ್ತಿತ್ತು: ಇಲ್ಲದ ಕಾಯಿಲೆಗೆ ತಾನು ಹಟ ಹಿಡಿದು ಮಾತ್ರೆ ಕೊಡಿಸಿದೆ, ಅದರಿಂದ ಅಪ್ಪನ ತಲೆ ತಿರುಗಿತು ಎಂದು. ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವಳು ಗಂಡನ ಟೋಪಿ ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು.

*

ಮೊದಲ ಸಲ ಪಟ್ಟಿ ಕಡಿಮೆ ಬಿದ್ದಾಗ ಅವರು ನಕ್ಕಿದ್ದರು. "ನಾನೇ ಕಡಿಮೆ ಕೊಯ್ದೆ ಅನ್ಸುತ್ತೆ," ಎಂದು ಇನ್ನಷ್ಟು ಕೊಯ್ದರು. ಅವಳು ಅದರಲ್ಲೂ ತೆಗೆದಳು. ಎರಡನೇ ಸಲ ಹುಬ್ಬು ಗಂಟಿಕ್ಕಿತು. ಆಮೇಲೆ ಪ್ರತಿ ಪಟ್ಟಿಯ ತುದಿಗೂ ಪೆನ್ಸಿಲಿನಿಂದ ಚುಕ್ಕಿ ಇಡತೊಡಗಿದರು. ಚುಕ್ಕಿ ಇಟ್ಟವೂ ಕಾಣೆಯಾದವು. ಜೀವನವೆಲ್ಲ ಅಂಕಿ ಓದಿ ಉಂಡವರು. ಅವರು ಬರೆದ ಅಂಕಿ ತಪ್ಪೆಂದು ಬೀದಿಯಲ್ಲಿ ಯಾರೂ ಜಗಳಕ್ಕೆ ಬಂದವರಿಲ್ಲ. ಒಂದು ಮಧ್ಯಾಹ್ನ ಟಾರ್ಚು ಹಿಡಿದು ಮನೆಯನ್ನೆಲ್ಲ ತಡಕಿದರು. ಅಡುಗೆಮನೆಯ ಕಪಾಟು, ಛತ್ರಿ ಇಡುವ ಡಬ್ಬ, ಕೊನೆಗೆ ಮಲಗುವ ಕೋಣೆಗೆ ಬಂದು ಮೊಣಕಾಲೂರಿ ಮಂಚದ ಕೆಳಗೂ ನೋಡಿದರು. ತಲೆನೋವೆಂದು ಅವಳು ಮಂಚದ ಮೇಲೆ ಮಲಗಿದ್ದಳು.

"ಕಪಾಟಿನ ಮೇಲೆ ಒಂದು ಕಟ್ಟು ಇಟ್ಟಿದ್ದೆ. ನೋಡಿದ್ಯಾ?"

ಆಗಲೇ ಹೇಳಿಬಿಡಬಹುದಿತ್ತು. ಬೈದು, ನಕ್ಕು, ಒಂದು ಹೊತ್ತು ಊಟ ಬಿಟ್ಟು, ಮರುದಿನ ಸರಿಹೋಗುತ್ತಿದ್ದರು. "ಮೊನ್ನೆ ನೀವೇ ಚೆನ್ನಾಗಿಲ್ಲ ಅಂತ ಕಸಕ್ಕೆ ಹಾಕಿದ್ರಲ್ಲ ರೀ," ಎಂದಳು ಅವಳು. "ಮರೆತ್ರಾ?"

ಅವರು ಅವಳ ಮುಖವನ್ನೇ ನೋಡಿದರು. ಅನುಮಾನದಿಂದಲ್ಲ. ಅನುಮಾನ ಪಟ್ಟಿದ್ದರೆ ಅವಳು ಇವತ್ತು ಬದುಕಿಕೊಳ್ಳುತ್ತಿದ್ದಳು. ಕತ್ತಲ ಕೋಣೆಯಲ್ಲಿ ಸಿಕ್ಕಿಕೊಂಡ ಮಗುವಿನ ಹಾಗೆ ಹೆದರಿ ನೋಡಿದರು.

"ಹಾಕಿದ್ನಾ?"

"ಹೂಂ."

"ಹಾಗಾದ್ರೆ ಹಾಕಿರ್ಬೇಕು ಬಿಡು."

ಆ ಮುಖ ನೋಡಿ ಅವಳಿಗೂ ತಡೆಯಲಾಗಲಿಲ್ಲ. ಎರಡು ದಿನ ಬಿಟ್ಟು ಒಂದು ಕಟ್ಟನ್ನು ಮೊದಲಿದ್ದ ಜಾಗದಲ್ಲೇ ತಂದಿಟ್ಟಳು. ಕದ್ದದ್ದು ಒಂದು ತಪ್ಪು, ವಾಪಸಿಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು. ಅವರು ಅದನ್ನು ನೋಡಿ ಸಂತೋಷಪಡಲಿಲ್ಲ. ಕಪಾಟಿನ ಮುಂದೆ ಕೈ ಇಳಿಬಿಟ್ಟು ನಿಂತರು. "ಇದು ಇಲ್ಲೇ ಇತ್ತಾ?" ಎಂದು ತಮ್ಮನ್ನೇ ಕೇಳಿಕೊಂಡರು. ಕಣ್ಣೆದುರಿಗಿದ್ದದ್ದೂ ಕಾಣಲಿಲ್ಲವೇ ಎಂದು ಅಂದಿನಿಂದ ಕುಗ್ಗಿಹೋದರು. ಗ್ಯಾಸ್ ಆರಿಸಿದೆನೇ ಎಂದು ಪದೇ ಪದೇ ಎದ್ದು ನೋಡುವರು. ಇಸ್ಪೀಟಿಗೆ ಕರೆದ ಗೆಳೆಯರಿಗೆ ಜ್ವರ ಎನ್ನುವರು. ಮಗಳು ಬಂದಾಗ ತಾವಾಗಿಯೇ, "ಎಲ್ಲೋ ಲೀಕ್ ಆಗ್ತಿದೆ ಕಣಮ್ಮ. ಮೀಟರ್ ಓಡ್ತಿದೆ, ನಲ್ಲೀಲಿ ನೀರು ಬರ್ತಿಲ್ಲ," ಎಂದು ತಲೆ ತಟ್ಟಿ ತೋರಿಸಿದರು. ಮಗಳು ನಗಲಿಲ್ಲ. ಆ ವಾರವೇ ಮಾತ್ರೆ ಶುರುವಾಯಿತು.

ಹೆಂಡತಿಗೆ ಇನ್ನು ನಿಲ್ಲಿಸಬೇಕೆನಿಸಿತು, ನಿಲ್ಲಿಸಿದಳು ಕೂಡ. ಆದರೆ ಅಷ್ಟರಲ್ಲಿ ಲಾಡ್ಜಿನ ಹಲಗೆ ಮುಗಿದಿತ್ತು. ಹಡಗಿನ ಒಂದು ಮಗ್ಗುಲು ಮುಚ್ಚಿತ್ತು, ಇನ್ನೊಂದರ ಪಕ್ಕೆಲುಬು ಹಾಗೇ ಕಾಣುತ್ತಿತ್ತು. ಅವರು ಅದನ್ನು ಎಷ್ಟೋ ಹೊತ್ತು ನೋಡುತ್ತ ಕೂತರು. ಆಮೇಲೆ ಟೋಪಿ ಹಾಕಿಕೊಂಡು, "ಸಾಮಿಲ್ಲಿಗೆ ಹೋಗಿ ಬರ್ತೀನಿ," ಎಂದರು. ಹೋಗಬೇಡಿ ಎನ್ನಲು ಅವಳಿಗೆ ಬಾಯಿರಲಿಲ್ಲ.

*

ಗಾಡಿ ತಡವಾಯಿತು. ಮಗಳು ಫೋನಿನಲ್ಲಿ ಯಾರಿಗೋ ದಾರಿ ಹೇಳುತ್ತಿದ್ದಾಗ ಹೆಂಡತಿ ಎದ್ದು, ಹಿಂಬಾಗಿಲಿನಿಂದ ಹೊರಬಿದ್ದು, ಸುತ್ತಿ ಬೀದಿಗೆ ಬಂದಳು. ಸಾಮಿಲ್ ಮಾಮ ಅವಳನ್ನು ನೋಡಿ ಎದ್ದು ನಿಂತರು.

"ಕೂತ್ಕೊಳ್ಳಿ," ಎಂದಳು. ತಾನೂ ಕೂತಳು. ಪಕ್ಕದಲ್ಲಿ ಪೆಟ್ಟಿಗೆ. ಒಂದು ಗಂಟಿಲ್ಲದ, ನೇರ ಗೆರೆಯ ಹಲಗೆಗಳು. ಮೂಲೆಗಳಲ್ಲಿ ಎಲ್ಲಿ ಕೂಡಿಸಿದ್ದಾರೆಂದು ಬೆರಳಿಗೂ ಸಿಗುತ್ತಿರಲಿಲ್ಲ.

"ಮಗು ಅಂದಿದ್ರಲ್ಲಿ ತಪ್ಪಿಲ್ಲ ಅತ್ತಿಗೆ," ಎಂದರು ಅವರು. "ಫೋನ್ ಮಾಡಿ ಹೇಳಿದ್ಲು. ನಾನು ಹತ್ತೋಕೆ ಬಿಡ್ತಿರಲಿಲ್ಲ. ಕೂರಿಸಿದ್ದೆ. ಒಂದು ಲೋಟ ಚಹಾ ತರ್ತೀನಿ, ಅಲ್ಲಾಡಬೇಡ ಅಂತ ಹೇಳಿ ಹೋದೆ. ವಾಪಸ್ ಬರೋಷ್ಟರಲ್ಲಿ ಮೇಲಿದ್ದ. ಲಾಡ್ಜಿಂದಂಥದ್ದೇ ಬಣ್ಣ ಮೇಲೆ ಕಾಣ್ತಿದೆ ಅಂದ. ಬಗ್ಗಿ ನೋಡಿದ. ತಲೆ ತಿರುಗ್ತಿದೆ ಕಣೋ ಅಂದ. ಲೋಟ ಇಳಿಸಿ ಕೈ ಚಾಚಬೇಕಿತ್ತು. ನಾನು ಲೋಟ ಇಡೋಕೆ ಜಾಗ ಹುಡುಕ್ದೆ."

ಅವರು ಕೈ ತಿರುಗಿಸಿ ಅಂಗೈ ನೋಡಿಕೊಂಡರು.

"ಏನಾದ್ರೂ ಹೇಳಿದ್ರಾ? ಅದಕ್ಕೆ ಮುಂಚೆ?" ಎಂದು ಅವಳು ಕೇಳಿದಳು.

"ಪಟ್ಟಿ ಕಳೆದುಹೋಗಿದ್ದು ಹೇಳ್ದ. ನಾನು ನಂಬಲಿಲ್ಲ. ನಿನ್ನ ಕಣ್ಣು ನನಗೆ ಗೊತ್ತು, ಅಷ್ಟು ಚೆನ್ನಾಗಿರೋ ಪಟ್ಟಿ ನೀನು ಎಸೆಯೋದಾ, ಇನ್ಯಾರೋ ತೆಗೆದಿರ್ತಾರೆ ಅಂದೆ. ನನ್ನ ಮೇಲೇ ರೇಗಿದ. ಮನೇಲಿ ಇರೋದು ನಾನು, ಅವಳು. ನಾನು ಎಸೆದಿದ್ದನ್ನ ಅವಳೇ ಕಣ್ಣಾರೆ ನೋಡಿದಾಳೆ. ನನ್ನ ತಲೆ ಬೇಕಾದ್ರೆ ಸುಳ್ಳು ಹೇಳೀತು, ಅವಳು ಹೇಳಲ್ಲ ಅಂದ."

ಬೀದಿಯಲ್ಲಿ ಒಂದು ಸೈಕಲ್ಲು ಹೋಯಿತು. ಇಷ್ಟು ದಿನ ಅವಳಿಗೆ ತಾನು ಕದ್ದದ್ದು ಪಟ್ಟಿ ಎಂಬ ಸಮಾಧಾನವಿತ್ತು. ಮಗಳಿಗಾಗಿ ಸುಮ್ಮನಿದ್ದೇನೆ ಎಂಬ ಸಮಾಧಾನವೂ ಇತ್ತು. ಈಗ ನೋಡಿದರೆ ಎರಡೂ ಇಲ್ಲ. ಅವರ ಬುದ್ಧಿಯನ್ನೇ ಕದ್ದಿದ್ದಳು, ಸುಮ್ಮನಿದ್ದದ್ದು ತನ್ನ ಮುಖ ಉಳಿಸಿಕೊಳ್ಳಲು. ಹಾಗೆಂದು ಅವಳೇ ತನಗೆ ಹೇಳಿಕೊಂಡಳು.

"ಒಳಗೆ ಬನ್ನಿ," ಎಂದಳು.

"ಬೇಡ ಅತ್ತಿಗೆ. ಮಗು ಬೇಜಾರು ಮಾಡ್ಕೊಳ್ತಾಳೆ."

"ಮಾಡ್ಕೊಳ್ಳೋದು ಬೇಕಾದಷ್ಟಿದೆ. ಬನ್ನಿ."

ಮುಂಬಾಗಿಲಿನಿಂದಲೇ ಕರೆತಂದಳು. ಕುರ್ಚಿಗಳಲ್ಲಿ ಗುಸುಗುಸು ಎದ್ದಿತು. ಮಗಳು ಫೋನು ಕಿವಿಯಿಂದ ಇಳಿಸಿದಳು.

"ಅಮ್ಮ, ಇವರನ್ನ ಯಾಕೆ..."

"ನೀನೂ ಬಾ. ಮಾಸ್ತರೇ, ಟೀಚರೇ, ನೀವೂ ಬನ್ನಿ. ಲೆಕ್ಕ ತಪ್ಪಿತ್ತು ಅಂದ್ರಲ್ಲ, ನೋಡಿ ಬನ್ನಿ."

ಮಲಗುವ ಕೋಣೆಯಲ್ಲಿ ಜೋಡಿ ಮಂಚವಿತ್ತು. ಅವಳು ತಾನು ಮಲಗುವ ಮಗ್ಗುಲಿಗೆ ಹೋಗಿ ಹಾಸಿಗೆಯ ಅಂಚು ಹಿಡಿದು ಎತ್ತಲು ನೋಡಿದಳು. ಆಗಲಿಲ್ಲ. ಸಾಮಿಲ್ ಮಾಮ ಕೈಕೊಟ್ಟರು. ಹಾಸಿಗೆ ಎದ್ದು ಗೋಡೆಗೆ ಒರಗಿತು.

ಕೆಳಗೆ ತುಕ್ಕು ಹಿಡಿದ ಸ್ಪ್ರಿಂಗುಗಳ ಮೇಲೆ, ಹಳೆಯ ಹೊದಿಕೆಯೊಂದರ ಮೇಲೆ, ಕಂದು ಬಣ್ಣದ ಪಟ್ಟಿಗಳು ಉದ್ದಕ್ಕೆ ಮಲಗಿದ್ದವು. ಹೆಚ್ಚಿನವುಗಳ ತುದಿಗೆ ಪೆನ್ಸಿಲಿನ ಚುಕ್ಕಿ.

"ಅಪ್ಪನಿಗೆ ಮರೆವಿರಲಿಲ್ಲ," ಎಂದಳು ತಾಯಿ. "ನಾನೇ ತೆಗೀತಿದ್ದೆ. ಹಡಗು ಮುಗಿದ್ರೆ ಅವರೂ ಹೋಗ್ತಾರೆ ಅಂತ ಹೆದರಿಕೆ ನನಗೆ. ಕೇಳಿದಾಗ ನೀವೇ ಎಸೆದ್ರಿ ಅಂದೆ. ಅವರು ನಂಬಿದ್ರು. ನೀನೂ ನಂಬಿದೆ. ಇವರದ್ದೇನೂ ತಪ್ಪಿಲ್ಲ, ನಿಂದೂ ಇಲ್ಲ."

"ಅಮ್ಮ, ನೀನು ನಿದ್ದೆಗೆಟ್ಟಿದೀಯ," ಎಂದಳು ಮಗಳು. ಆದರೆ ಕಣ್ಣು ಪಟ್ಟಿಗಳನ್ನು ಬಿಟ್ಟು ಅಲ್ಲಾಡಲಿಲ್ಲ. "ಯಾವಾಗಿಂದ?"

"ಚಳಿ ಶುರುವಾದಾಗಿಂದ."

"ನಾನು ಮಾತ್ರೆ ಶುರು ಮಾಡಿಸಿದ್ದು..."

"ಆಮೇಲೆ."

ಔಷಧಿ ಅಂಗಡಿಯವಳಿಗೆ ಲೆಕ್ಕ ಬಿಡಿಸಿ ಹೇಳಬೇಕಿರಲಿಲ್ಲ. ಹೋಗಿ ಕಿಟಕಿಯ ಪಕ್ಕದ ಮೇಜಿಗೆ ಒರಗಿ ನಿಂತಳು. ಡ್ರಾಯಿಂಗ್ ಮಾಸ್ತರು ಏನೋ ಹೇಳಬೇಕೆಂದು ಗಂಟಲು ಸರಿಮಾಡಿಕೊಂಡರು. ಪಿಯಾನೋ ಟೀಚರ್ ಅವರ ತೋಳು ಹಿಡಿದು ಆಚೆ ಕರೆದೊಯ್ದರು. ತಾಯಿ ಹೆಜ್ಜೆ ಮುಂದಿಟ್ಟು ನಿಂತುಬಿಟ್ಟಳು. ಮುಟ್ಟಲು ಅವಳಿಗೆ ಧೈರ್ಯ ಬರಲಿಲ್ಲ.

ಸಾಮಿಲ್ ಮಾಮ ಬಗ್ಗಿ ಪಟ್ಟಿಗಳನ್ನು ಒಂದೊಂದಾಗಿ ಎತ್ತಿಕೊಂಡರು. ಹೆಬ್ಬೆರಳಿಗೆ ಎಂಜಲು ಹಚ್ಚಿ ಒಂದರ ಮೇಲೆ ಎಳೆದರು. ಕಣ್ಣಲ್ಲಿ ನೀರು ತುಂಬಿತ್ತು, ಆದರೂ ಕೆಲಸದ ಅಭ್ಯಾಸ ಬಿಡಲಿಲ್ಲ. "ಎಲ್ಲಾ ಒಂದೇ ಹಲಗೆ. ಒಂದ್ರಲ್ಲೂ ಗಂಟಿಲ್ಲ," ಎಂದರು. "ಕೊನೇವರೆಗೂ ಒಂದೂ ತಪ್ಪಿಲ್ಲ ನೋಡಮ್ಮ ನಿಮ್ಮಪ್ಪ ಆರಿಸಿರೋದು." ಆಮೇಲೆ ಒಂದು ಕಣ್ಣು ಮುಚ್ಚಿ ಪಟ್ಟಿಯ ಉದ್ದಕ್ಕೆ ನೋಡಿದವರು ಅದನ್ನು ಬದಿಗಿಟ್ಟರು. ಇನ್ನೊಂದನ್ನು ನೋಡಿದರು. ಅವೆಲ್ಲವನ್ನೂ ಮೆಲ್ಲಗೆ ತಂದು ಮೇಜಿನ ಮೇಲಿಟ್ಟರು.

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಡ್ರೈವರ್ ಬಾಗಿಲಿಗೆ ಬಂದು, "ಪೆಟ್ಟಿಗೆ ಎಲ್ಲಿ ಇಳಿಸೋದು?" ಎಂದು ಕೂಗಿ ಕೇಳಿದ.

"ಅದು ಬೇಡ ಅನ್ನಿ," ಎಂದಳು ಮಗಳು, ಯಾರ ಮುಖವನ್ನೂ ನೋಡದೆ. "ಎದುರುಗಡೆ ಇದೆಯಲ್ಲ, ಅದನ್ನ ತನ್ನಿ. ಮಾಮ, ನೀವೇ ಇಡಿಸಿ ಅಪ್ಪನ್ನ."

ಸಾಮಿಲ್ ಮಾಮ ಹೊರಟರು. ಬಾಗಿಲ ಹತ್ತಿರ ತಾಯಿಯ ಮುಂದೆ ಒಂದು ಗಳಿಗೆ ನಿಂತರು, ಏನಾದರೂ ಅನ್ನುತ್ತಾರೆಂದು ಅವಳು ಕಾದಳು. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಅಂಗಿಯ ತೋಳು ಮಡಚಿಕೊಂಡು ಪೆಟ್ಟಿಗೆಯ ಕಡೆ ಹೋದರು.

ಕೋಣೆಯಲ್ಲಿ ತಾಯಿ ಮಗಳು ಇಬ್ಬರೇ ಉಳಿದರು. ಮಗಳು ಮೇಜಿನ ಮೇಲಿನ ಒಂದು ಪಟ್ಟಿಯನ್ನು ಬಿಡಿಸಿ ಬೇರೆ ಇಟ್ಟಳು. ಅದು ಮೇಜಿಗೆ ಕೂರಲಿಲ್ಲ. ನಡುವೆ ಮಾತ್ರ ಮುಟ್ಟಿತ್ತು, ಎರಡು ತುದಿಗಳೂ ಮೇಲೆದ್ದಿದ್ದವು. ಇನ್ನೊಂದನ್ನು ಇಟ್ಟಳು. ಅದೂ ಹಾಗೇ. ಮತ್ತೊಂದು, ಅದೂ. ಎಲ್ಲವೂ ಒಂದೇ ಅಳತೆಗೆ ಬಾಗಿದ್ದವು. ಅವಳು ತಿರುಗಿ ಗೋಡೆಗೆ ಒರಗಿದ್ದ ಹಾಸಿಗೆಯ ಕಡೆ ನೋಡಿದಳು, ತಾಯಿಯ ಮೈಭಾರಕ್ಕೆ ನಡುವೆ ತಗ್ಗು ಬಿದ್ದಿದ್ದ ಜಾಗವನ್ನು ನೋಡಿದಳು, ಮತ್ತೆ ಪಟ್ಟಿಯನ್ನು ನೋಡಿದಳು.

ಎರಡೂ ತುದಿಗೆ ಒಂದೊಂದು ಬೆರಳಿಟ್ಟು ಅವಳು ಪಟ್ಟಿಯನ್ನು ಮೇಜಿಗೆ ಒತ್ತಿ ಹಿಡಿದಳು. ಪಟ್ಟಿ ನೇರವಾಯಿತು. ನಡುಮನೆಯಲ್ಲಿ ಕುರ್ಚಿ ಸರಿಸುವ ಸದ್ದು, ಮೆಲ್ಲಗೆ, ಮೆಲ್ಲಗೆ ಎನ್ನುವ ಸಾಮಿಲ್ ಮಾಮನ ದನಿ. ಬೆರಳ ತುದಿ ಬೆಳ್ಳಗಾಗುವವರೆಗೂ ಅವಳು ಒತ್ತಿಯೇ ಹಿಡಿದಿದ್ದಳು. ಮುಚ್ಚಳ ಹಾಕುವ ಮುಂಚೆ ನೋಡುವವರು ಬನ್ನಿ ಎಂದು ಯಾರೋ ಕರೆದರು.

ಅವಳು ಬೆರಳು ಎತ್ತಿದಳು. ಪಟ್ಟಿಯ ತುದಿಗಳು ಎರಡೂ ಮೇಜಿನಿಂದ ನಿಧಾನವಾಗಿ ಎದ್ದವು.